ಪದ ಕೇಳಿಸುವ ಆಲ್ಬಮ್‌ಗಳು: ಸೇಡಂ–ಚಿಂಚೋಳಿ ಸೀಮೆಯ ಕೇಳುಗರಿಗೆ ಒಂದು ಕೈಪಿಡಿ

ತಾನೇ ಪದ ಕಟ್ಟಿ, ತಾನೇ ಧಾಟಿ ಹಿಡಿದು, ತಾನೇ ಹಾಡುವವರ ಪರಂಪರೆ ಕಲಬುರಗಿ ಜಿಲ್ಲೆಗೆ ಹೊಸದಲ್ಲ. ಈ ಜಿಲ್ಲೆಯ ಕಡಕೋಳದಲ್ಲಿ ನೆಲೆಸಿದ್ದ ಮಡಿವಾಳಪ್ಪ, ಅವರ ಶಿಷ್ಯಬಳಗದ ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಬ, ತೆಲಗಬಾಳ ರೇವಪ್ಪ ಮುಂತಾದವರು ಕಟ್ಟಿದ ತತ್ವಪದಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಭಜನಾ ಮೇಳಗಳಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿವೆ. ಗಿಟಾರ್ ಹಿಡಿದು ಸ್ವಂತ ಹಾಡು ಹಾಡುವ ಈಗಿನ ಕಲಾವಿದರು ಮಾಡುತ್ತಿರುವುದೂ ಹೆಚ್ಚು ಕಡಿಮೆ ಅದೇ ಕೆಲಸ. ಹೀಗಾಗಿ ಈ ಸೀಮೆಯ ಕೇಳುಗರಿಗೆ ಜಾನಪದ, ಪಾಪ್ ಮತ್ತು ಸ್ವಂತ ರಚನೆಯ ಹೊಸ ಆಲ್ಬಮ್‌ಗಳು ದೂರದ ವಸ್ತುವಲ್ಲ. ಯಾವುದರಿಂದ ಶುರು ಮಾಡಬೇಕು, ಯಾವುದನ್ನು ಯಾಕೆ ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ಈ ಲೇಖನ ಕ್ರಮವಾಗಿ ತಿಳಿಸುತ್ತದೆ.

ಆಯ್ಕೆಯ ಅಳತೆ

ಇಲ್ಲಿನ ಆಯ್ಕೆಗೆ ಮೂರು ಅಳತೆಗಳಿವೆ. ಮೊದಲನೆಯದು, ಹಾಡಿನ ಮಾತು ಸ್ಪಷ್ಟವಾಗಿ ಕಿವಿಗೆ ಬೀಳಬೇಕು. ವಾದ್ಯಗಳ ಅಬ್ಬರದಲ್ಲಿ ಮಾತು ಮುಳುಗಿಹೋದರೆ ತತ್ವಪದ ಕೇಳಿ ಬೆಳೆದ ಕಿವಿಗೆ ಅದು ಅರ್ಧ ಹಾಡು. ಎರಡನೆಯದು, ಪದ ಕಟ್ಟಿದವರು ಯಾರು ಎಂಬುದು ಗೊತ್ತಾಗುವಂತಿರಬೇಕು. ವಚನಕ್ಕೂ ತತ್ವಪದಕ್ಕೂ ಅಂಕಿತವಿದೆ. ಶಿಶುನಾಳ ಶರೀಫರ ಪದ ಶಿಶುನಾಳಾಧೀಶನ ಹೆಸರಿನಲ್ಲಿ ಮುಗಿಯುತ್ತದೆ. ಹೊಸ ಆಲ್ಬಮ್‌ಗಳಲ್ಲಿ ಆ ಕೆಲಸವನ್ನು ಹಾಡಿನ ವಿವರಣೆಯಲ್ಲಿರುವ ಸಾಹಿತ್ಯ, ಸಂಗೀತ, ಗಾಯನ ಎಂಬ ಮೂರು ಸಾಲುಗಳು ಮಾಡುತ್ತವೆ. ಮೂರನೆಯದು, ಆಲ್ಬಮ್ ಇಡಿಯಾಗಿ ಕೇಳುವಂತಿರಬೇಕು. ಕ್ಯಾಸೆಟ್ ಕಾಲದಲ್ಲಿ ಎರಡೂ ಮಗ್ಗುಲು ಸೇರಿ ಸುಮಾರು ಒಂದು ತಾಸಿನ ಹಾಡುಗಳು ಒಟ್ಟಿಗೆ ಬರುತ್ತಿದ್ದವು; ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದು ಮನೋಧರ್ಮ ಇರುತ್ತಿತ್ತು. ಈಗ ಬಿಡಿ ಹಾಡುಗಳೇ ಹೆಚ್ಚು. ಆದರೂ ಇಡೀ ಆಲ್ಬಮ್ ಕೇಳಿದಾಗ ಮಾತ್ರ ಒಬ್ಬ ಹಾಡುಗಾರನ ಪೂರ್ತಿ ದನಿ ಸಿಗುತ್ತದೆ.

ಮೊದಲು ಪರಿಚಿತ ಪದಗಳಿಂದ

ಹೊಸತಿಗೆ ಹೋಗುವ ಸುಲಭ ದಾರಿ ಎಂದರೆ ಗೊತ್ತಿರುವ ಪದವನ್ನೇ ಬೇರೆ ಬೇರೆ ದನಿಗಳಲ್ಲಿ ಕೇಳುವುದು. ಶಿಶುನಾಳ ಶರೀಫರ (1819–1889) ಪದಗಳು ಇದಕ್ಕೆ ತಕ್ಕವು. ಅವುಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥ್. ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೆ ಅವರು ನೀಡಿದ ಸಂಗೀತ ಮೊದಲು ಕೇಳಬೇಕಾದದ್ದು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ನಟಿಸಿದ ಈ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಬಂದಿತ್ತು. ಅಶ್ವತ್ಥರ ಏರುದನಿಯ ಜೊತೆಗೆ ಶಿವಮೊಗ್ಗ ಸುಬ್ಬಣ್ಣನವರ ತುಂಬುಗಂಠದಲ್ಲೂ ಶರೀಫರ ಪದಗಳನ್ನು ಕೇಳಬಹುದು. ಒಂದೇ ಪರಂಪರೆಯ ಪದ ಇಬ್ಬರ ಬಾಯಲ್ಲಿ ಎರಡು ಬಗೆಯಾಗಿ ಬಾಳುವುದು ಅಲ್ಲಿ ಗೊತ್ತಾಗುತ್ತದೆ.

ಸ್ಟುಡಿಯೋ ಧ್ವನಿಮುದ್ರಣವನ್ನು ಊರಿನ ಭಜನೆಯ ಜೊತೆಗಿಟ್ಟು ನೋಡುವುದೂ ಒಳ್ಳೆಯದು. ಭಜನೆಯಲ್ಲಿ ಮುಂದಾಳು ಏಕತಾರಿ ಮೀಟುತ್ತ ಪಲ್ಲವಿಯನ್ನು ಒಮ್ಮೆ ನಿಧಾನವಾಗಿ ಹೇಳುತ್ತಾನೆ. ಪೇಟಿಯವನು ಅದೇ ಸ್ವರ ಹಿಡಿಯುತ್ತಾನೆ. ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಂಡ ಮೇಲೆಯೇ ದಮ್ಮಡಿ, ತಾಳ ಕೂಡುತ್ತವೆ. ಒಂದು ನುಡಿ ಮುಗಿದಾಗ ಹಿಮ್ಮೇಳ ಪಲ್ಲವಿಯನ್ನು ಎರಡು ಮೂರು ಸಲ ತಿರುವಿ ಹಾಕುತ್ತದೆ. ಆ ಹೊತ್ತಿನಲ್ಲಿ ಕೇಳುವವರು ಮುಗಿದ ನುಡಿಯ ಅರ್ಥವನ್ನು ಮನಸ್ಸಿನಲ್ಲಿ ಆಡಿಸುತ್ತಾರೆ. ಕೊನೆಯ ನುಡಿಯಲ್ಲಿ ಲಯ ಏರುತ್ತದೆ, ಅಂಕಿತ ಬಂದಾಗ ನಿಲ್ಲುತ್ತದೆ. ಮುಂದೆ ಹೇಳುವ ಬ್ಯಾಂಡ್‌ಗಳ ಹಾಡುಗಳಲ್ಲೂ ಇದೇ ಕಟ್ಟು ಕಾಣುತ್ತದೆ: ಒಬ್ಬನ ದನಿ, ಗುಂಪಿನ ಮರುದನಿ, ನುಡಿಗಳ ನಡುವೆ ಅರ್ಥಕ್ಕೆ ಬಿಟ್ಟ ಜಾಗ, ಕೊನೆಗೆ ಏರುವ ಲಯ.

ಇದೇ ಹಂತದಲ್ಲಿ ಕೇಳಬೇಕಾದ ಇನ್ನೊಬ್ಬರು ಬಾಗಲಕೋಟೆ ಜಿಲ್ಲೆ ಮಹಾಲಿಂಗಪುರದ ಇಬ್ರಾಹಿಂ ಸುತಾರ. ಕನ್ನಡದ ಕಬೀರ ಎಂದೇ ಹೆಸರಾದ ಅವರು ಹಾಡು ಮತ್ತು ಸಂವಾದ ಕೂಡಿಸಿ ಭಾವೈಕ್ಯದ ಮಾತನ್ನು ಊರೂರಿಗೆ ಒಯ್ದರು. 2018ರಲ್ಲಿ ಪದ್ಮಶ್ರೀ ಪಡೆದ ಅವರು 2022ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣಗಳಲ್ಲಿ ಹಾಡಿನ ಜೊತೆಗೆ ಪದದ ಅರ್ಥವೂ ಸಿಗುತ್ತದೆ. ಹಾಗಾಗಿ ಮಕ್ಕಳೂ ದೊಡ್ಡವರೂ ಕೂತು ಕೇಳುವುದಕ್ಕೆ ಇವು ಬಹಳ ಒಪ್ಪುತ್ತವೆ.

ರಘು ದೀಕ್ಷಿತ್: ಶರೀಫರ ಪದಕ್ಕೆ ಗಿಟಾರ್

ಶರೀಫರಿಂದ ಹೊಸ ಸಂಗೀತಕ್ಕೆ ನೇರ ಸೇತುವೆ ಮೈಸೂರಿನ ರಘು ದೀಕ್ಷಿತ್. ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್ 2008ರಲ್ಲಿ ಬಂತು. ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳು ಒಟ್ಟಿಗಿರುವ ಅದರಲ್ಲಿ ಶರೀಫರ ಎರಡು ಪದಗಳಿವೆ: ಗುಡುಗುಡಿಯನ್ನು ದೇಹಕ್ಕೂ ಮನಸ್ಸಿಗೂ ಹೊಂದಿಸಿ ಹೇಳುವ ಪದ ಒಂದು, ಸೋರುವ ಮಾಳಿಗೆಯ ಪದ ಇನ್ನೊಂದು. ಎರಡನೆಯದು ಈ ಸೀಮೆಯ ಕೇಳುಗರಿಗೆ ಬೇಗ ಮುಟ್ಟುತ್ತದೆ. ಸುಣ್ಣಕಲ್ಲಿನ ಫರ್ಸಿ ಹಾಸಿ, ಮೇಲೆ ಮಣ್ಣು ಮೆತ್ತಿದ ಮಾಳಿಗೆಮನೆಗಳ ನಾಡು ಇದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕದಿದ್ದರೆ ಮನೆಯೊಳಗೆ ಎಲ್ಲೆಲ್ಲಿ ಬೋಗುಣಿ ಇಡಬೇಕಾಗುತ್ತದೆ ಎಂಬುದನ್ನು ಇಲ್ಲಿನ ಹಿರಿಯರಿಗೆ ಯಾರೂ ವಿವರಿಸಬೇಕಿಲ್ಲ. ಅಜ್ಞಾನದಿಂದ ಮನೆಯ ಮಾಳಿಗೆ ಸೋರುತ್ತಿದೆ ಎನ್ನುವ ಶರೀಫರ ಪದ ಗಿಟಾರಿನ ಜೊತೆ ಬಂದಾಗಲೂ ಅರ್ಥ ಕಳೆದುಕೊಂಡಿಲ್ಲ ಎಂಬುದೇ ಆ ಆಲ್ಬಮ್ಮಿನ ದೊಡ್ಡ ಗುಣ.

ಎರಡನೆಯ ಆಲ್ಬಮ್ ‘ಜಗ್ ಚಂಗಾ’ 2013ರಲ್ಲಿ ಬಂತು. ಕೋಡಗನನ್ನು ಕೋಳಿ ನುಂಗುವ ಬೆಡಗಿನ ಪದ ಇದರಲ್ಲಿದೆ. ಮಕ್ಕಳು ಅದನ್ನು ತಮಾಷೆಯ ಹಾಡಾಗಿ ಕುಣಿದು ಕೇಳುತ್ತಾರೆ, ದೊಡ್ಡವರು ಒಗಟಾಗಿ ಬಿಡಿಸುತ್ತಾರೆ. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ರಘು ದೀಕ್ಷಿತ್ ಅವರಿಗೆ ಹೊಸ ಕಲಾವಿದರ ಪ್ರಶಸ್ತಿ ನೀಡಿತು. ಕನ್ನಡ ಗೊತ್ತಿಲ್ಲದವರೂ ಶರೀಫರ ಪದಕ್ಕೆ ತಲೆದೂಗಿದ್ದಕ್ಕೆ ಅದು ಒಂದು ಗುರುತು.

ಸ್ವರಾತ್ಮ: ಊರಿನ ಸುದ್ದಿ ಹೇಳುವ ಬ್ಯಾಂಡ್

ಬೆಂಗಳೂರಿನ ಸ್ವರಾತ್ಮ ಬ್ಯಾಂಡಿನ ಮುಂದಾಳು ವಾಸು ದೀಕ್ಷಿತ್, ರಘು ಅವರ ತಮ್ಮ. ಬ್ಯಾಂಡಿನ ಈ ಮೂರು ಆಲ್ಬಮ್‌ಗಳನ್ನು ಬಂದ ಕ್ರಮದಲ್ಲೇ ಕೇಳುವುದು ಒಳ್ಳೆಯದು: ‘ಸ್ವರಾತ್ಮ’ (2009), ‘ಟೋಪಿವಾಲೆ’ (2012), ‘ರಾಹ್–ಎ–ಫಕೀರಾ’ (2018). ಮೊದಲನೆಯದರಲ್ಲಿ ಕನ್ನಡದ ‘ಈ ಭೂಮಿ’ ಇದೆ. ಎರಡನೆಯದು ರಾಜಕಾರಣ, ಸಮಾಜದ ನೋವುಗಳ ಕಡೆ ತಿರುಗುತ್ತದೆ. ಶಂಕರ್–ಎಹಸಾನ್–ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ ಅದರ ನಿರ್ಮಾಪಕರು. ಮೂರನೆಯದು ಫಕೀರನ ದಾರಿಯದು. ದರ್ಗಾ ಮತ್ತು ಮಠ ಎರಡಕ್ಕೂ ನಡೆದುಕೊಳ್ಳುವ, ಹಿಂದಿ–ಉರ್ದು ಮಾತು ಸಹಜವಾಗಿ ಅರ್ಥವಾಗುವ ಶಹಾಬಾದ್, ವಾಡಿ, ಚಿತ್ತಾಪುರದ ಕೇಳುಗರಿಗೆ ಈ ಆಲ್ಬಮ್ ಬೇಗ ಹತ್ತಿರವಾಗುತ್ತದೆ. ಸ್ವರಾತ್ಮದ ಹಾಡುಗಳಲ್ಲಿ ಪಿಟೀಲು ಮತ್ತು ತಾಳವಾದ್ಯಕ್ಕೆ ಗಿಟಾರಿನಷ್ಟೇ ಬೆಲೆಯಿದೆ. ಒಮ್ಮೆ ಮಾತಿಗಾಗಿ, ಇನ್ನೊಮ್ಮೆ ವಾದ್ಯಕ್ಕಾಗಿ, ಹೀಗೆ ಎರಡು ಸಲ ಕೇಳಬೇಕು.

ಬಿಂದುಮಾಲಿನಿ: ಮೆಲುದನಿಯ ಹಾಡು

ಅಬ್ಬರ ಬೇಡ, ಮಾತು ಮತ್ತು ಸ್ವರ ಸಾಕು ಎನ್ನುವವರಿಗೆ ಬಿಂದುಮಾಲಿನಿ. ವೇದಾಂತ್ ಭಾರದ್ವಾಜ್ ಜೊತೆಗೂಡಿ ಅವರು ಹೊರತಂದ ‘ಸುನೋ ಭಾಯಿ’ ಕಬೀರನ ಪದಗಳ ಆಲ್ಬಮ್. ಕಬೀರನನ್ನು ಮಡಿವಾಳಪ್ಪನ ಪಕ್ಕದಲ್ಲಿಟ್ಟು ಕೇಳಿದರೆ ಜಾತಿ, ಡಂಭ, ಒಣ ಆಚಾರಗಳ ಮೇಲೆ ಇಬ್ಬರೂ ಎತ್ತುವ ಪ್ರಶ್ನೆಗಳು ಒಂದೇ ಎಂದು ತಿಳಿಯುತ್ತದೆ. ಕನ್ನಡದಲ್ಲಿ ಅವರ ಮುಖ್ಯ ಕೆಲಸ ಮಂಸೋರೆ ನಿರ್ದೇಶನದ ‘ನಾತಿಚರಾಮಿ’ (2018) ಚಿತ್ರದ ಸಂಗೀತ. ಅದರಲ್ಲಿನ ‘ಮಾಯಾವಿ ಮನವೆ’ ಹಾಡಿಗೆ ಬಿಂದುಮಾಲಿನಿಯವರಿಗೆ ರಾಷ್ಟ್ರೀಯ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂತು. ಅದೇ ಹಾಡಿನ ಸಾಹಿತ್ಯಕ್ಕೆ ಮಂಸೋರೆ ಅವರಿಗೂ ಪ್ರಶಸ್ತಿ ಸಂದಿತು. ಹೆಣ್ಣಿನ ಒಳಮನಸ್ಸನ್ನು ನಾಚಿಕೆಯ ಮುಸುಕಿಲ್ಲದೆ ಹೇಳುವ ಹಾಡುಗಳು ಕನ್ನಡದಲ್ಲಿ ಇನ್ನೂ ವಿರಳ. ಈ ಆಲ್ಬಮ್ ಆ ಕೊರತೆಯನ್ನು ಘನತೆಯಿಂದ ತುಂಬುತ್ತದೆ.

ಉತ್ತರ ಕರ್ನಾಟಕದ ಜಾನಪದ ಹಾಡುಗಾರರು

ಜಾತ್ರೆ, ಮದುವೆ, ಲಾರಿ, ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚು ಕೇಳಿಬರುವುದು ಉತ್ತರ ಕರ್ನಾಟಕದ ಜಾನಪದ ಶೈಲಿಯ ಹೊಸ ಹಾಡುಗಳು. ಕ್ಯಾಸೆಟ್ ಕಾಲದಲ್ಲಿ ಗುರುರಾಜ ಹೊಸಕೋಟೆ ಈ ಬಗೆಯ ಹಾಡಿಗೆ ದೊಡ್ಡ ಕೇಳುಗವರ್ಗ ಕಟ್ಟಿದರು. ಈಗ ಮಾಳು ನಿಪನಾಳ, ಬಾಳು ಬೆಳಗುಂದಿ ಅವರಂಥವರು ಯೂಟ್ಯೂಬ್ ಮೂಲಕ ನೇರವಾಗಿ ಕೇಳುಗರನ್ನು ಮುಟ್ಟುತ್ತಿದ್ದಾರೆ. ಹಾಡು ಕಟ್ಟುವವರು, ಹಾಡುವವರು, ಧ್ವನಿಮುದ್ರಿಸುವವರು ಎಲ್ಲರೂ ಊರಿನವರೇ. ಬೆಂಗಳೂರಿನ ದೊಡ್ಡ ಕಂಪನಿಯ ಒಪ್ಪಿಗೆಗೆ ಕಾಯುವ ಕಾಲ ಮುಗಿದಿದೆ. ಈ ಹಾಡುಗಳಲ್ಲಿ ಎಲ್ಲವೂ ಒಂದೇ ಮಟ್ಟದವಲ್ಲ. ಹುಡುಗಿಯನ್ನು ಹೀಯಾಳಿಸುವುದೇ ಹಾಡಾದವುಗಳನ್ನು ಬಿಟ್ಟು, ದುಡಿಮೆ, ವಲಸೆ, ಪ್ರೀತಿ, ಅಗಲಿಕೆಯನ್ನು ಆಡುಮಾತಿನಲ್ಲೇ ಹಿಡಿದಿರುವ ಹಾಡುಗಳನ್ನು ಆರಿಸಿಕೊಳ್ಳಬೇಕು.

ಚಿಂಚೋಳಿ, ಸೇಡಂ, ಚಿತ್ತಾಪುರದ ಲಂಬಾಣಿ ತಾಂಡಾಗಳಿಗೆ ಹನುಮಂತ ಲಮಾಣಿ ಹೆಮ್ಮೆಯ ಹೆಸರು. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿ ತಾಂಡಾದಿಂದ ಬಂದ ಅವರು ‘ಸರಿಗಮಪ’ ವೇದಿಕೆಯಲ್ಲಿ ಜನಪದ ಹಾಡುಗಳಿಂದ ಹೆಸರಾದರು. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 11ನೇ ಆವೃತ್ತಿಯನ್ನು ಗೆದ್ದರು. ಗೋರಬೋಲಿಯ ತೀಜ್ ಹಾಡುಗಳು, ಸೇವಾಲಾಲರ ಪದಗಳು ಕೂಡ ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ಅವುಗಳಲ್ಲಿ ತಾಂಡಾದ ಹೆಂಗಸರೇ ಗುಂಪಾಗಿ ಹಾಡಿದ ಧ್ವನಿಮುದ್ರಣಗಳನ್ನು ಮೊದಲು ಕೇಳಬೇಕು.

ಜಾನಪದವನ್ನು ಅದರ ಮೂಲದ ಗಾಂಭೀರ್ಯದೊಡನೆ ಕೇಳಬಯಸುವವರಿಗೆ ಶಿಲ್ಪಾ ಮುಡಬಿ ಮತ್ತು ಆದಿತ್ಯ ಕೋತಾಕೋಟ ಅವರ ‘ಅರ್ಬನ್ ಫೋಕ್ ಪ್ರಾಜೆಕ್ಟ್’ ಇದೆ. ಎಲ್ಲಮ್ಮನ ಪದಗಳು, ಚೌಡಕಿ ಪರಂಪರೆ, ಜೋಗಪ್ಪ–ಜೋಗತಿಯರ ಹಾಡುಗಳನ್ನು ಆ ಸಮುದಾಯದವರಿಂದಲೇ ಕಲಿತು, ಅವರ ಜೊತೆಗೇ ವೇದಿಕೆಗೆ ತರುವುದು ಈ ತಂಡದ ದಾರಿ. ಬಾಗಲಕೋಟೆಯ ಗೊಂದಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಅವರ ಹಾಡುಗಾರಿಕೆಯನ್ನೂ ಈ ಸಾಲಿಗೆ ಸೇರಿಸಿಕೊಳ್ಳಬೇಕು.

ಕನ್ನಡದ ಹೊಸ ಪಾಪ್

ಕಾಲೇಜು ಹುಡುಗ ಹುಡುಗಿಯರಿಗೆ ವಾಸುಕಿ ವೈಭವ್ ಒಳ್ಳೆಯ ಆರಂಭ. ರಂಗಭೂಮಿಯಿಂದ ಬಂದ ಅವರು ಬರೆಯುತ್ತಾರೆ, ಧಾಟಿ ಹಾಕುತ್ತಾರೆ, ಹಾಡುತ್ತಾರೆ. ‘ರಾಮಾ ರಾಮಾ ರೇ’ (2016) ಮತ್ತು ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಚಿತ್ರಗಳ ಹಾಡುಗಳಲ್ಲಿ ಅವರ ಸಂಗೀತ ಮಾತಿಗೆ ಎಷ್ಟು ಮರ್ಯಾದೆ ಕೊಡುತ್ತದೆ ಎಂಬುದು ಕೇಳಿಸುತ್ತದೆ. ಎರಡನೆಯದನ್ನು ಶಾಲೆಯ ಮಕ್ಕಳಿಗೆ ಅಗತ್ಯವಾಗಿ ಕೇಳಿಸಬೇಕು. ‘ಸಪ್ತ ಸಾಗರದಾಚೆ ಎಲ್ಲೋ’ (2023) ಚಿತ್ರಕ್ಕೆ ಚರಣ್ ರಾಜ್ ಮಾಡಿದ ಸಂಗೀತ ಸಿನಿಮಾ ನೋಡದೆಯೂ ಇಡಿಯಾಗಿ ಕೇಳಬಹುದಾದ ಆಲ್ಬಮ್. ಸಂಜಿತ್ ಹೆಗ್ಡೆ ಚಿತ್ರಗೀತೆಗಳ ಜೊತೆಗೆ ಸ್ವಂತ ಬಿಡಿ ಹಾಡುಗಳನ್ನೂ ತರುತ್ತಿದ್ದಾರೆ. ರ‍್ಯಾಪ್ ಇಷ್ಟಪಡುವವರು ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್–ಓ ಅವರ ಹಾಡುಗಳಿಂದ ಶುರು ಮಾಡಬಹುದು.

ತೆಲುಗು, ದಖನಿ, ಉರ್ದು, ತಮಿಳು

ಸೇಡಂ ಮತ್ತು ಚಿಂಚೋಳಿ ತೆಲಂಗಾಣಕ್ಕೆ ತಾಗಿದ ತಾಲ್ಲೂಕುಗಳು. ಗಡಿಹಳ್ಳಿಗಳಲ್ಲಿ ತೆಲುಗು ದಿನದ ಮಾತು. ಇಲ್ಲಿನವರು ತಪ್ಪದೆ ಕೇಳಬೇಕಾದದ್ದು ‘ಬಲಗಂ’ (2023) ಚಿತ್ರದ ಹಾಡುಗಳು. ಸಂಗೀತ ಭೀಮ್ಸ್ ಸಿಸಿರೋಲಿಯೊ ಅವರದು. ಹಳ್ಳಿಯ ಬದುಕಿನ ಹಾಡಿಗೆ ಸಾಹಿತಿ ಕಾಸರ್ಲ ಶ್ಯಾಮ್ ರಾಷ್ಟ್ರಪ್ರಶಸ್ತಿ ಪಡೆದರು. ಚಿತ್ರದ ಕೊನೆಯಲ್ಲಿ ಬುಡಗ ಜಂಗಮ ಸಮುದಾಯದ ಮೊಗಿಲಯ್ಯ ಮತ್ತು ಕೊಮುರಮ್ಮ ದಂಪತಿ ಹಾಡುವ ಭಾಗ ಸಾವಿನ ಮನೆಯ ಹಾಡನ್ನು ಅದರ ಪೂರ್ಣ ಶಕ್ತಿಯೊಡನೆ ತೋರಿಸುತ್ತದೆ. ಹನ್ನೆರಡು ಮೆಟ್ಟಿಲಿನ ಕಿನ್ನರಿ ನುಡಿಸುವ ದರ್ಶನಂ ಮೊಗಿಲಯ್ಯ ಬೇರೊಬ್ಬ ಕಲಾವಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. 2023ರಲ್ಲಿ ತೀರಿಕೊಂಡ ಗದ್ದರ್, ಕವಿ–ಹಾಡುಗಾರ ಗೋರಟಿ ವೆಂಕನ್ನ, ಲಂಬಾಣಿ ಸಮುದಾಯದ ಮಂಗ್ಲಿ ಇವರನ್ನೂ ಕೇಳಿದರೆ ತೆಲುಗು ಜನಪದದ ಹರವು ತಿಳಿಯುತ್ತದೆ.

ದಖನಿ ಮಾತನಾಡುವ ಯುವಕರಿಗೆ ಬೆಂಗಳೂರಿನ ನೀಲಸಂದ್ರದ ರ‍್ಯಾಪರ್ ಪಾಶಾ ಭಾಯ್ ಇದ್ದಾರೆ. ಮನೆಯಲ್ಲಿ, ಓಣಿಯಲ್ಲಿ ಆಡುವ ದಖನಿಯನ್ನೇ ಅವರು ಹಾಡಿಗೆ ತಂದಿದ್ದಾರೆ. ಗಜಲ್ ಪ್ರಿಯರು ಅರೂಜ್ ಆಫ್ತಾಬ್ ಅವರ ‘ವಲ್ಚರ್ ಪ್ರಿನ್ಸ್’ (2021) ಕೇಳಬೇಕು. ಅದರಲ್ಲಿನ ‘ಮೊಹಬ್ಬತ್’ಗೆ 2022ರಲ್ಲಿ ಗ್ರ್ಯಾಮಿ ಬಂತು. ವಾದ್ಯಗಳು ಬೆರಳೆಣಿಕೆಯಷ್ಟು, ಹಾಡುಗಾರಿಕೆ ನಿಧಾನ. ಹಳೆಯ ಗಜಲ್ ಹೊಸ ಉಸಿರು ಪಡೆದಿದೆ.

ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ದುಡಿಮೆಯ ಊರುಗಳಲ್ಲಿ ಅರಿವು ಎಂಬ ತಮಿಳು ಹಾಡುಗಾರರ ಹೆಸರೂ ತಿಳಿದಿರಬೇಕು. ಗಾಯಕಿ ಧೀ ಜೊತೆ ಅವರು ಹಾಡಿದ ‘ಎಂಜಾಯ್ ಎಂಜಾಮಿ’ (2021) ಶ್ರೀಲಂಕೆಯ ಚಹಾ ತೋಟಗಳಲ್ಲಿ ದುಡಿದು ಬಂದ ಅವರ ಅಜ್ಜಿಯ ನೆನಪಿನಿಂದ ಹುಟ್ಟಿತು. ಅರಿವು ಬೆಳೆದದ್ದು ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡದಲ್ಲಿ. ಅಂಬೇಡ್ಕರ್ ಜಯಂತಿಗೆ ಭೀಮಗೀತೆ ಹಾಡುವ ಇಲ್ಲಿನ ತರುಣರಿಗೆ ಆ ತಂಡದ ಹಾಡುಗಳಲ್ಲಿ ಕಲಿಯುವುದು ಬಹಳವಿದೆ.

ಹೊರಗಿನ ಒಂದೆರಡು

ಇಂಗ್ಲಿಷ್ ಹಾಡು ಕೇಳುವವರಿಗೆ ಟ್ರೇಸಿ ಚಾಪ್‌ಮನ್ ಅವರ 1988ರ ಮೊದಲ ಆಲ್ಬಮ್ ಇಂದಿಗೂ ಒಳ್ಳೆಯ ಪಾಠ. ಗಿಟಾರ್ ಹಿಡಿದ ಒಂದು ದನಿ, ಬಡತನದಿಂದ ಪಾರಾಗಲು ಹೊರಟವರ ಕತೆ. ಅದರ ‘ಫಾಸ್ಟ್ ಕಾರ್’ ಹಾಡನ್ನು ಲ್ಯೂಕ್ ಕೂಂಬ್ಸ್ ಮರಳಿ ಹಾಡಿದಾಗ, 2023ರಲ್ಲಿ ಅಮೆರಿಕದ ಕಂಟ್ರಿ ಸಂಗೀತ ಸಂಘದ ವರ್ಷದ ಹಾಡಿನ ಪ್ರಶಸ್ತಿ ಬರೆದವರಾದ ಚಾಪ್‌ಮನ್ ಅವರಿಗೇ ಸಂದಿತು. ಟೇಲರ್ ಸ್ವಿಫ್ಟ್ ಅವರ ‘ಫೋಕ್‌ಲೋರ್’ (2020) ಪಾಪ್ ಗಾಯಕಿಯೊಬ್ಬರು ಅಬ್ಬರ ಇಳಿಸಿ, ಕತೆ ಹೇಳುವ ಹಾಡಿಗೆ ಬಂದ ಆಲ್ಬಮ್. 2021ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ ಪಡೆಯಿತು.

ಕೇಳುವ ಬಗೆ

ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಡೊಳ್ಳು, ಬೇಸ್ ಗಿಟಾರಿನಂಥ ತಗ್ಗು ಸ್ವರಗಳು ಹೊರಬರುವುದೇ ಇಲ್ಲ. ಕಡಿಮೆ ಬೆಲೆಯ ತಂತಿಯ ಇಯರ್‌ಫೋನ್ ಹಾಕಿಕೊಂಡರೂ ವ್ಯತ್ಯಾಸ ತಿಳಿಯುತ್ತದೆ. ಮನೆಮಂದಿಯೆಲ್ಲ ಕೇಳುವುದಾದರೆ ಒಂದು ಬ್ಲೂಟೂತ್ ಸ್ಪೀಕರ್ ಸಾಕು. ಅದನ್ನು ಗೋಡೆಯ ಹತ್ತಿರ ಇಟ್ಟರೆ ತಗ್ಗು ಸ್ವರ ತುಂಬಿಕೊಳ್ಳುತ್ತದೆ. ಕೊಂಚಾವರಂ ಕಾಡಿನ ಕಡೆ ಹೋಗುವವರು, ವಾಡಿ ಜಂಕ್ಷನ್ನಿನಿಂದ ದೂರದ ರೈಲು ಹತ್ತುವವರು ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಹೋದರೂ ಕೇಳಬಹುದು. ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಮೂರರಲ್ಲೂ ಕಲಾವಿದರ ಹೆಸರಿನಲ್ಲೇ ಹುಡುಕಬೇಕು. ಹಾಡಿನ ಮೊದಲ ಮಾತಿನಿಂದ ಹುಡುಕಿದರೆ ನಕಲು ಧ್ವನಿಮುದ್ರಣಗಳೇ ಮೊದಲು ಬರುತ್ತವೆ. ರೇಡಿಯೋ ಇದ್ದವರಿಗೆ ಕಲಬುರಗಿ ಆಕಾಶವಾಣಿಯ ಜನಪದ ಸಂಗೀತ ಕಾರ್ಯಕ್ರಮಗಳು ಖರ್ಚಿಲ್ಲದ ದಾರಿ.

ಊರಿನ ಹಾಡುಗಾರರು ತಿಳಿದಿರಬೇಕಾದದ್ದು

ಕೇಳುವವರಲ್ಲಿ ಕೆಲವರು ಹಾಡುವವರೂ ಆಗುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯದ ಹಕ್ಕು ಕವಿಯ ಜೀವಿತಾವಧಿಗೂ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳಿಗೂ ಇರುತ್ತದೆ. ಶರೀಫರ, ಮಡಿವಾಳಪ್ಪನ ಪದಗಳನ್ನು ಯಾರು ಬೇಕಾದರೂ ಹಾಡಿ ಮುದ್ರಿಸಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಅಶ್ವತ್ಥರು ಹಾಕಿದ ಧಾಟಿಗೂ ಅವರ ಧ್ವನಿಮುದ್ರಣಕ್ಕೂ ಪ್ರತ್ಯೇಕ ಹಕ್ಕುಗಳಿವೆ. ಹಾಗಾಗಿ ಹಳೆಯ ಪದಕ್ಕೆ ಊರಿನ ಭಜನೆಯ ಧಾಟಿಯನ್ನೇ ಬಳಸುವುದು ಸುರಕ್ಷಿತ, ಸಂಗೀತಕ್ಕೂ ಅದೇ ಲಾಭ. ಮುದ್ರಿಸುವಾಗ ಪದ ಯಾರದು, ಯಾವ ಊರಿನ ಮೇಳದಿಂದ ಕಲಿತದ್ದು, ಏಕತಾರಿ, ದಮ್ಮಡಿ, ಪೇಟಿ ನುಡಿಸಿದವರು ಯಾರು ಎಂಬುದನ್ನು ವಿವರಣೆಯಲ್ಲಿ ಬರೆಯಬೇಕು. ಮೊಬೈಲಿನಲ್ಲೇ ಮುದ್ರಿಸುವುದಾದರೆ ಫ್ಯಾನ್ ನಿಲ್ಲಿಸಿ, ಹಾಡುವವರನ್ನು ಮೊಬೈಲಿನ ಹತ್ತಿರ, ತಾಳದವರನ್ನು ನಾಲ್ಕು ಹೆಜ್ಜೆ ಹಿಂದೆ ಕೂರಿಸಿದರೆ ಮಾತು ಸ್ಪಷ್ಟವಾಗಿ ಬರುತ್ತದೆ.

ಕೇಳುವ ಕ್ರಮ, ಸಂಕ್ಷೇಪವಾಗಿ

ಹಿರಿಯರಿಗೆ: ‘ಸಂತ ಶಿಶುನಾಳ ಶರೀಫ’, ಇಬ್ರಾಹಿಂ ಸುತಾರ, ‘ಸುನೋ ಭಾಯಿ’.

ಕಾಲೇಜಿನವರಿಗೆ: ರಘು ದೀಕ್ಷಿತ್ 2008, ‘ಜಗ್ ಚಂಗಾ’, ಸ್ವರಾತ್ಮದ ಮೂರು ಆಲ್ಬಮ್‌ಗಳು, ವಾಸುಕಿ ವೈಭವ್, ‘ಸಪ್ತ ಸಾಗರದಾಚೆ ಎಲ್ಲೋ’.

ಮಕ್ಕಳಿಗೆ: ಕಾಸರಗೋಡು ಶಾಲೆಯ ಚಿತ್ರದ ಹಾಡುಗಳು, ‘ಜಗ್ ಚಂಗಾ’ದ ಕೋಡಗನ ಪದ.

ದೂರದ ಪ್ರಯಾಣಕ್ಕೆ: ಹನುಮಂತ ಲಮಾಣಿ, ಬಾಳು ಬೆಳಗುಂದಿ, ‘ಬಲಗಂ’.

ರಾತ್ರಿ ಒಬ್ಬರೇ ಕೇಳುವುದಕ್ಕೆ: ‘ನಾತಿಚರಾಮಿ’, ‘ವಲ್ಚರ್ ಪ್ರಿನ್ಸ್’, ಟ್ರೇಸಿ ಚಾಪ್‌ಮನ್.